ಮೂತಿ ಎತ್ತಿದಾಗ

ಮೆಕ್ಕೆಜೋಳದ ದೂಳಿಗೆ ಒಂದು ವಾಸನೆಯಿದೆ. ಸ್ವಲ್ಪ ಸಿಹಿ, ಸ್ವಲ್ಪ ಮುಗ್ಗಲು, ಮೂಗಿಗೆ ಹೋದರೆ ಸೀನು ಗ್ಯಾರಂಟಿ. ಅದರ ಜೊತೆ ಡೀಸೆಲ್ ಹೊಗೆಯೂ ಬೆರೆತು ಬಂದರೆ ನಾನು ತಲೆಯೆತ್ತಿ ನೋಡಬೇಕಿಲ್ಲ, ಕೊಟ್ಟೂರಿನ ನಮ್ಮ ಓಣಿಯ ಏರಿಗೆ ಲೋಡಾದ ಟ್ರ್ಯಾಕ್ಟರ್ ಬಂದಿದೆ ಎಂದೇ ಅರ್ಥ. ನಮ್ಮ ಮನೆಯ ಮುಂದೆ ರಸ್ತೆ ಎತ್ತರಕ್ಕೆ ಏರುತ್ತದೆ. ಏರಿನ ನೆತ್ತಿಯಲ್ಲಿ ಯಾರೋ ಪುಣ್ಯಾತ್ಮರು ಒಂದು ಹಂಪ್ ಬೇರೆ ಹಾಕಿಸಿದ್ದಾರೆ. ಟ್ರಾಲಿ ತುಂಬ ಚೀಲ ಹೇರಿಕೊಂಡ ಟ್ರ್ಯಾಕ್ಟರ್ ಅಲ್ಲಿಗೆ ಬಂದು ಗುಟುರು ಹಾಕಿದಾಗ ಅದರ ಮುಂದಿನ ಗಾಲಿಗಳು ನೆಲ ಬಿಟ್ಟು ಒಂದು ಗೇಣು ಮೇಲೇಳುತ್ತವೆ. ಒಂದೇ ಕ್ಷಣ, ಮತ್ತೆ ದೊಪ್ಪೆಂದು ಕೂರುತ್ತವೆ. ಅಷ್ಟರಲ್ಲಿ ಜಗಲಿಯ ಮೇಲೆ ಕುಳಿತ ನನ್ನ ಕಾಲ್ಬೆರಳುಗಳೆಲ್ಲ ಒಳಕ್ಕೆ ಮುದುಡಿರುತ್ತವೆ, ಕೈ ತಾನಾಗಿಯೇ ಬಾಗಿಲ ಚೌಕಟ್ಟನ್ನು ಹಿಡಿದಿರುತ್ತದೆ.

ಇವತ್ತು ಬೆಳಗ್ಗೆಯೂ ಹಾಗೇ ಆಯಿತು. ಆದರೆ ಇವತ್ತು ಹಿಡಿದ ಚೌಕಟ್ಟನ್ನು ಬಿಡಲು ಆಗಲಿಲ್ಲ. ನನ್ನ ಅಕ್ಕನ ಮಗಳು ಲೀಲಾ, ಇಲ್ಲಿಂದ ಬಲು ದೂರದ, ಬೇರೆ ರಾಜ್ಯದ ಒಂದು ವಿಮಾನ ಕಲಿಸುವ ಶಾಲೆಯಲ್ಲಿ, ಇವತ್ತು ಮತ್ತೆ ಒಬ್ಬಳೇ ಕುಳಿತು ಪುಟ್ಟ ವಿಮಾನವೊಂದನ್ನು ಹಾರಿಸಿ ಇಳಿಸಬೇಕು. ಮತ್ತೆ ಎಂದೆ, ಏಕೆಂದರೆ ಹಿಂದಿನ ಸಲ ಒಬ್ಬಳೇ ಇಳಿಸುವಾಗ ವಿಮಾನದ ಮೂತಿ ನೆಲಕ್ಕೆ ಬಡಿದು ಮುರಿದಿತ್ತು. ಫೋನು ಕಿಟಕಿಯಲ್ಲಿದೆ. ಅದು ರಿಂಗಾಗುವ ತನಕ ನಿಮ್ಮ ಜೊತೆ ಮಾತಾಡುತ್ತಿರುತ್ತೇನೆ. ಸುಮ್ಮನೆ ಕುಳಿತರೆ ನನ್ನ ತಲೆ ಎಲ್ಲೆಲ್ಲಿಗೋ ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಜುಬುರುಕ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಅದರಿಂದಲೇ ಹೊಟ್ಟೆ ಹೊರೆದವನು ನಾನು. ನನ್ನ ಕಸುಬು ವಿಮೆ ಮಾಡಿಸುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಕಡೆಯ ಊರುಗಳಲ್ಲೆಲ್ಲ ಯಾರದೋ ಜಗಲಿಯ ಮೇಲೆ ಕುಳಿತು, ಕೊಟ್ಟ ಮಂಡಕ್ಕಿ ತಿಂದು, ಕೊಟ್ಟವರನ್ನೇ ಅಂಜಿಸಿ ಬಂದಿದ್ದೇನೆ. "ನಾಳಿ ಏನರ ಹೆಚ್ಚುಕಮ್ಮಿ ಆದ್ರ ಮಕ್ಕಳ ಗತಿ ಏನ್ರಿ?" ಎಂದು ಕೇಳುವಾಗ ನನ್ನ ದನಿಯಲ್ಲಿರುವ ನಡುಕ ನಟನೆಯಲ್ಲ. ಬೇರೆ ಏಜೆಂಟರು ಬೈಕಿನಲ್ಲಿ ಓಡಾಡುತ್ತಾರೆ, ನಾನು ಬಸ್ಸಿನಲ್ಲಿ. ಅದರಲ್ಲೂ ಮುಂದಿನ ಸೀಟಲ್ಲ, ಹಿಂದಿನದೂ ಅಲ್ಲ, ನಟ್ಟನಡುವಿನದು. ಕಾನಹೊಸಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರು ಚಹಾ ಮಾರುವವನು ಈಗಲೂ ನನ್ನನ್ನು ಕಂಡರೆ, "ಸಾಹೇಬ್ರ, ಹೈವೇ ದಾಟಸಬೇಕೇನ್ರಿ?" ಎಂದು ಕೇಳುತ್ತಾನೆ. ಅವನು ತಮಾಷೆಗೆ ಕೇಳುತ್ತಾನೆ, ಒಂದೆರಡು ಸಲ ನಾನು ನಿಜವಾಗಿ ದಾಟಿಸಿಕೊಂಡಿದ್ದೇನೆ.

ನನ್ನ ಅಂಜಿಕೆಗೆ ಮನೆಯಲ್ಲಿ ಒಂದು ಹೆಸರೇ ಇದೆ. ವರ್ಷಗಳ ಹಿಂದೆ ಎಲ್ಲರೂ ಉಚ್ಚಂಗಿದುರ್ಗದ ಬೆಟ್ಟಕ್ಕೆ ಹೋಗಿದ್ದೆವು. ಹತ್ತುವಾಗ ನನಗೆ ಏನೂ ಆಗಲಿಲ್ಲ, ಕಣ್ಣ ಮುಂದೆ ಬರೀ ಮೆಟ್ಟಿಲು. ಉಚ್ಚೆಂಗೆಮ್ಮನ ದರ್ಶನವಾಗಿ ಇಳಿಯಲು ತಿರುಗಿದೆ ನೋಡಿ, ಬಯಲೆಲ್ಲ ನನ್ನ ಕಡೆಗೇ ಎದ್ದು ಬಂದಂತಾಯಿತು. ಪಕ್ಕದ ಕಂಬಿ ಹಿಡಿದು ನಿಂತುಬಿಟ್ಟೆ. ಕಾಲು ಮುಂದಕ್ಕೆ ಹೋಗದು, ಹಿಂದಕ್ಕೂ ಬಾರದು. ಕೆಳಗಿನಿಂದ ಅಕ್ಕ ಕೂಗುತ್ತಿದ್ದಳು, "ಇಳಿಯಲೇ! ಕಾಲು ಮುಂದ ಇಡು! ಏನಾಗಂಗಿಲ್ಲ!" ಹಣ್ಣುಕಾಯಿ ಹಿಡಿದ ಜನ ನನ್ನನ್ನು ಬಳಸಿಕೊಂಡು ಹೋದರು. ಒಬ್ಬ ಅಜ್ಜಿ ನನ್ನನ್ನು ಹರಕೆ ಹೊತ್ತವನೆಂದು ತಿಳಿದು ಕೈಮುಗಿದಳು. ಉಸಿರು ಹದಕ್ಕೆ ಬಂದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಇಳಿಯಲಿಲ್ಲ. ತಿರುಗಿ ಮೇಲಕ್ಕೇ ಹೋದೆ. ಗುಡಿಯ ಗೋಡೆಗೆ ಒರಗಿ, ನೀರು ಕುಡಿದು, ಮತ್ತೊಮ್ಮೆ ಬಂದು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಯಾವುದಕ್ಕೆ ತಡಮಾಡಿದರೂ ಒಂದೇ ಮಾತು, "ದುರ್ಗ ಇಳಿಯೋದು ಆತೇನು?"

ಇಂಥ ತಮ್ಮನಿಗೆ ದೇವರು ಕೊಟ್ಟ ಅಕ್ಕ ಕೊಟ್ರಮ್ಮ. ಭಾವ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ, ಹೊಲವೂ ಟ್ರ್ಯಾಕ್ಟರೂ ಇವೆ. ಅವರಿಗೆ ಬೆನ್ನು ಹಿಡಿದುಕೊಂಡು ಡಾಕ್ಟರು ಟ್ರ್ಯಾಕ್ಟರ್ ಹತ್ತಬೇಡಿ ಎಂದಾಗ, ಮನೆಯವರೆಲ್ಲ ಡ್ರೈವರನನ್ನು ಹುಡುಕುವ ಮಾತಾಡುತ್ತಿದ್ದರು. ಅಕ್ಕ ಸೀರೆಯ ಮೇಲೆ ಭಾವನ ಹಳೆಯ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ತಾನೇ ಹತ್ತಿ ಕುಳಿತಳು. ಮೊದಮೊದಲು ಜನ ನಿಂತು ನೋಡಿದರು. ಆಮೇಲೆ ಬಿತ್ತನೆಗೆ ಅವಳನ್ನೇ ಕರೆಯತೊಡಗಿದರು.

ಅವಳ ಜೊತೆ ನಾನು ಒಮ್ಮೆ ಮಾತ್ರ ಮಡ್ಗಾರ್ಡಿನ ಮೇಲೆ ಕುಳಿತು ಹೊಲದಿಂದ ಬಂದಿದ್ದೆ. ಹಳ್ಳ ದಾಟಿ ದಿಣ್ಣೆ ಏರುವಾಗ ಟ್ರ್ಯಾಕ್ಟರಿನ ಮೂತಿ ಎದ್ದಿತು. ಹಿಂದಿನ ಭಾರ ಜಗ್ಗಿ ಮುಂದಿನದು ಹಗುರಾಗುತ್ತದೆ. ಹಾಗೇ ಬಿಟ್ಟರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಓಡಿಸುವವರ ಮೇಲೇ ಬೀಳುತ್ತದೆ. ನಮ್ಮ ಕಡೆ ಹಾಗೆ ಸತ್ತವರ ಸುದ್ದಿ ಕೇಳದ ಊರಿಲ್ಲ, ಅಂಥ ಮನೆಗಳಿಗೆ ವಿಮೆಯ ಕಾಗದ ಹಿಡಿದು ನಾನೇ ಹೋಗಿದ್ದೇನೆ. ಅಕ್ಕ ಚಕ್ಕನೆ ಕ್ಲಚ್ ತುಳಿದು, ಇಡೀ ಮೈಯನ್ನು ಸ್ಟೇರಿಂಗಿನ ಮೇಲೆ ಎಸೆದಳು. ಗಾಲಿ ನೆಲಕ್ಕೆ ಕೂತಿತು. ನಾನು ಇಳಿದು ಹಳ್ಳದ ದಂಡೆಯಲ್ಲಿ ಕಕ್ಕಿಕೊಂಡೆ. "ಅದು ಮೂತಿ ಎತ್ತಿದಾಗ ವಿಚಾರ ಮಾಡ್ಕೋತ ಕುಂದ್ರಬಾರದಲೇ," ಎಂದಳು ಅಕ್ಕ. "ಎದಿ ಮುಂದ ಒತ್ತಬೇಕು. ವಿಚಾರ ಮಾಡಿದಾಕಿ ಮ್ಯಾಲೆ ಅದು ಬಂದು ಕುಂದ್ರತೈತಿ."

ಲೀಲಾ ಈ ಪಾಠವನ್ನು ನಡೆಯುವ ಮೊದಲೇ ಕಲಿತವಳು. ಅಮ್ಮನ ತೊಡೆಯ ಮೇಲೆ, ಆಮೇಲೆ ಮಡ್ಗಾರ್ಡಿನ ಮೇಲೆ, ಆಮೇಲೆ ಸೀಟಿನ ಮೇಲೆ. ಮೂತಿ ಎದ್ದಿತೆಂದರೆ ತಾಯಿ ಮಗಳು ಇಬ್ಬರೂ ಒಟ್ಟಿಗೆ ಮುಂದಕ್ಕೆ ಬಾಗುವರು. ನೋಡಿದವರು ನಗುತ್ತಿದ್ದರು. ನಾನು ಮಾತ್ರ ನಗಲಿಲ್ಲ, ಬಾಗಿಲ ಚೌಕಟ್ಟು ಹಿಡಿಯುವುದನ್ನು ಕಲಿತದ್ದು ಆಗಲೇ.

ಈ ಹುಡುಗಿ ಕಾಲೇಜು ಮುಗಿಸಿ ವಿಮಾನ ಓಡಿಸಲು ಕಲಿಯುತ್ತೇನೆ ಎಂದಾಗ ಅಕ್ಕ, "ಗಾಲಿ ಅದಾವಿಲ್ಲೋ ಅದಕ್ಕ? ಅದಾವಂದ್ರ ಓಡಸ್ತಾಳ," ಎಂದು ಮಾತು ಮುಗಿಸಿದಳು. ನಾನು ಮಾತ್ರ ಫೋನಿನಲ್ಲಿ ವೀಡಿಯೊ ನೋಡಲು ಕುಳಿತೆ. ಅಂಜುವವನ ಹುಚ್ಚು ನಿಮಗೆ ಗೊತ್ತಿರಬಹುದು, ಯಾವುದಕ್ಕೆ ಅಂಜುತ್ತಾನೋ ಅದನ್ನೇ ಹುಡುಕಿ ಹುಡುಕಿ ನೋಡುತ್ತಾನೆ. ಕಲಿಯುವ ಮಕ್ಕಳು ಪುಟ್ಟ ವಿಮಾನ ಇಳಿಸುವಾಗ ಆದ ಅಪಘಾತಗಳೇ ಸಾಲುಸಾಲಾಗಿ ಬಂದವು. ಅಡ್ಡಗಾಳಿಗೆ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿದ್ದು, ನೆಲ ಇನ್ನೂ ದೂರ ಇರುವಾಗಲೇ ಇಳಿದೆನೆಂದು ತಿಳಿದು ದೊಪ್ಪನೆ ಬಿದ್ದದ್ದು, ನಿಲ್ಲಲಾರದೆ ಬೇಲಿಗೆ ಹೋಗಿ ತಾಗಿದ್ದು. ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ಪಕ್ಕದ ಸೀಟಿನವನೊಬ್ಬ ನನ್ನ ಫೋನನ್ನು ಇಣುಕಿ ನೋಡಿ, ನನ್ನ ಮುಖ ನೋಡಿ, ಎದ್ದು ಬೇರೆ ಸೀಟಿಗೆ ಹೋದ.

ರಜೆಗೆ ಬಂದಾಗ ಲೀಲಾಳನ್ನು ಕೇಳಿದೆ, "ಮ್ಯಾಲೆ ಅಷ್ಟು ಎತ್ತರದಾಗ ಅಂಜಿಕಿ ಬರಂಗಿಲ್ಲೇನವ್ವಾ?"

"ಮ್ಯಾಲೆ ಏನೈತಿ ಮಾಮಾ, ಬರೇ ಗಾಳಿ. ಅಂಜಿಕಿ ಬರೋದು ನೆಲ ಹತ್ತರ ಬಂದಾಗ."

ನನಗೆ ದುರ್ಗದ ಮೆಟ್ಟಿಲು ನೆನಪಾಯಿತು.

ಅವಳ ಫೋನು ಬಂದದ್ದು ನಾನು ಹಡಗಲಿಯಲ್ಲಿ ಒಬ್ಬರ ಮನೆಯಲ್ಲಿದ್ದಾಗ. "ಮಾಮಾ, ನಾ ಅರಾಮ ಅದೀನಿ," ಎಂದೇ ಶುರುಮಾಡಿದಳು. ಅರಾಮ ಇದ್ದವರು ಯಾರೂ ಹಾಗೆ ಮಾತು ಶುರುಮಾಡುವುದಿಲ್ಲ. ಚಹಾ ಬಟ್ಟಲನ್ನು ಕೆಳಗಿಟ್ಟು ಅವರ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಲೀಲಾ ಒಬ್ಬಳೇ ಹಾರಿದ್ದಳು. ಇಳಿಯುವಾಗ ವೇಗ ಸ್ವಲ್ಪ ಹೆಚ್ಚಿತ್ತು, ಗಾಲಿ ನೆಲಕ್ಕೆ ತಾಗಿ ವಿಮಾನ ಚೆಂಡಿನ ಹಾಗೆ ಪುಟಿಯಿತು. ಮೂತಿ ಎದ್ದಿತು. ಅವಳು ಹಿಡಿಕೆಯನ್ನು ಮುಂದಕ್ಕೆ ಒತ್ತಿದಳು. ಮೂತಿ ಕೆಳಗಾಗಿ, ಮುಂದಿನ ಗಾಲಿಯೇ ಮೊದಲು ಬಡಿದು, ಇನ್ನೂ ಎತ್ತರಕ್ಕೆ ಪುಟಿಯಿತು. ಮತ್ತೆ ಒತ್ತಿದಳು. ಮುಂದಿನ ಸಲ ಬಡಿದಾಗ ಗಾಲಿಯ ಕಾಲೇ ಮುರಿದು, ಮೂತಿಯಲ್ಲಿ ತಿರುಗುವ ಪಂಖ ನೆಲಕ್ಕೆ ತಾಗಿ ಸೊಟ್ಟಗಾಗಿ, ವಿಮಾನ ಮೂತಿಯ ಮೇಲೆ ಜಾರಿಕೊಂಡು ಹುಲ್ಲಿನಲ್ಲಿ ಹೋಗಿ ನಿಂತಿತು. ಬೆಂಕಿ ಹತ್ತಲಿಲ್ಲ. ಎಡ ಮುಂಗೈ ಮುರಿದಿತ್ತು, ಗದ್ದಕ್ಕೆ ಹೊಲಿಗೆ ಬಿದ್ದಿತ್ತು.

"ಅವ್ವಗ ನೀನ ಹೇಳು ಮಾಮಾ. ನನಗ ಹೇಳಾಕ ಆಗವಲ್ದು," ಎಂದಳು.

ಹಡಗಲಿಯಿಂದ ಕೊಟ್ಟೂರಿಗೆ ಬರುವ ದಾರಿಯುದ್ದಕ್ಕೂ ಆ ಮಾತನ್ನು ಹೇಗೆ ಹೇಳುವುದೆಂದು ಬಾಯಲ್ಲೇ ತಿರುವಿ ಹಾಕಿದೆ. ಜೀವನವಿಡೀ ಕೆಟ್ಟದ್ದನ್ನು ಮೆತ್ತಗೆ ಹೇಳಿಯೇ ಉಂಡವನಿಗೆ ಅಂದು ಒಂದು ಮಾತೂ ಹೊಂದಲಿಲ್ಲ. ಕೊನೆಗೆ ಅಕ್ಕನ ಮುಂದೆ ನಿಂತು, "ಲೀಲಾ ಅರಾಮ ಅದಾಳ," ಎಂದೆ. ಅಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಏನಾತು?" ಎಂದಳು.

ಭಾವ ಹೋಗಿ ಕರೆದುಕೊಂಡು ಬಂದರು. ಕೈ ಕೊರಳಿಗೆ ಕಟ್ಟಿಕೊಂಡು ಬಂದ ಹುಡುಗಿ ಮೊದಲಿನವಳಲ್ಲ. ಉಣ್ಣುತ್ತಿದ್ದಳು, ಮಾತಾಡುತ್ತಿದ್ದಳು, ಆದರೆ ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದಳು. ಬಲಗೈ ತಾನಾಗಿ ಮುಷ್ಟಿ ಕಟ್ಟುವುದು, ಬಿಡುವುದು. ಅಲ್ಲಿ ವಿಮಾನ ಕಲಿಸುವ ಸಾರ್ ಅವಳನ್ನು ಬೈದಿರಲಿಲ್ಲ. ಒಂದೇ ಪ್ರಶ್ನೆ ಕೇಳಿದ್ದರಂತೆ: ಪುಟಿದಾಗ ಒತ್ತಬಾರದು ಎಂದು ಅಷ್ಟು ಸಲ ಹೇಳಿಕೊಟ್ಟಿದ್ದೆ, ನನ್ನ ಜೊತೆ ಹಾರುವಾಗ ಎಂದೂ ಹಾಗೆ ಮಾಡಿದವಳಲ್ಲ, ಒಬ್ಬಳೇ ಇದ್ದಾಗ ಯಾಕೆ ಒತ್ತಿದೆ? "ನನ್ನ ಕೈ ನನ್ನ ಮಾತು ಕೇಳಲಿಲ್ಲ ಮಾಮಾ. ಮತ್ತ ಕೇಳಂಗಿಲ್ಲ ಅಂದ್ರ?" ಎನ್ನುತ್ತಿದ್ದಳು. ಏನು ತಪ್ಪಾಯಿತು ಎಂದು ತಿಳಿಯದ ಅಂಜಿಕೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅಂಜಿಕೆಯಲ್ಲಿ ಇಷ್ಟು ವರ್ಷ ಪಳಗಿದ ನನಗೂ ಅವಳದನ್ನು ನೋಡಿ ಅಂಜಿಕೆಯಾಯಿತು.

ಉತ್ತರ ಸಿಕ್ಕಿದ್ದು ಇದೇ ಏರಿನಲ್ಲಿ, ಇದೇ ಜಗಲಿಯ ಎದುರು. ಒಕ್ಕಣೆಯ ಕಾಲ. ಅಕ್ಕ ಮೆಕ್ಕೆಜೋಳದ ಚೀಲ ಹೇರಿಕೊಂಡು ಪೇಟೆಗೆ ಹೊರಟಿದ್ದಳು. ಮನೆಯಲ್ಲಿ ಕುಳಿತು ಬೇಸರಬಂದ ಲೀಲಾ ಮಡ್ಗಾರ್ಡಿನ ಮೇಲೆ ಕುಳಿತಿದ್ದಳು. ಹಂಪಿಗೆ ಬಂದಾಗ ಮೂತಿ ಎದ್ದಿತು. ಅಕ್ಕ ಎದೆ ಮುಂದಕ್ಕೆ ಎಸೆದಳು. ಅದೇ ಕ್ಷಣಕ್ಕೆ ಲೀಲಾ, ಕಟ್ಟು ಹಾಕಿದ ಕೈಯ ಸಮೇತ, ಎದೆ ಮುಂದಕ್ಕೆ ಎಸೆದಳು. ನೋವಿಗೆ ಚೀರಿದಳು. ಆಮೇಲೆ ತನ್ನ ಬಲಗೈಯನ್ನೇ ನೋಡುತ್ತ ಕುಳಿತಳು. ಅದು ಗಾಳಿಯಲ್ಲಿ ಏನನ್ನೋ ಹಿಡಿದು ಮುಂದಕ್ಕೆ ಒತ್ತಿ ನಿಂತಿತ್ತು.

"ಅವ್ವಾ, ನಿಲ್ಲಸು," ಎಂದಳು. "ಇದ. ನಾ ಮಾಡಿದ್ದು ಇದ."

ಅಕ್ಕ ಟ್ರ್ಯಾಕ್ಟರನ್ನು ಮುಂದಕ್ಕೆ ತೆಗೆದುಕೊಂಡು ಹೋಗಿ ಬದಿಗೆ ನಿಲ್ಲಿಸಿ, ಇಳಿದು ಬಂದು ನನ್ನ ಪಕ್ಕ ಕುಳಿತಳು. ಲೀಲಾ ಹೇಳುತ್ತ ಹೋದಂತೆ ಅವಳ ಮುಖದ ಬಣ್ಣ ಇಳಿಯುತ್ತ ಹೋಯಿತು. ಟ್ರ್ಯಾಕ್ಟರಿನ ಮೂತಿ ಎದ್ದರೆ ಒತ್ತಬೇಕು, ಇಳಿಯುವಾಗ ಪುಟಿದು ವಿಮಾನದ ಮೂತಿ ಎದ್ದರೆ ಒತ್ತಬಾರದು. ಪಕ್ಕದಲ್ಲಿ ಸಾರ್ ಇದ್ದಾಗ ಲೀಲಾಳ ತಲೆ ಅವರ ಮಾತು ಕೇಳಿತ್ತು. ಒಬ್ಬಳೇ ಇದ್ದಾಗ, ಅಂಜಿದಾಗ, ಮೈ ಅವ್ವನ ಮಾತು ಕೇಳಿತ್ತು.

"ನಾ ಕಲಿಸಿದ್ದಲೇ ತಮ್ಮಾ," ಎಂದಳು ಅಕ್ಕ. "ಜೀವ ಉಳೀಲಿ ಅಂತ ಕಲಿಸಿದ್ದು." ಟ್ರ್ಯಾಕ್ಟರಿನ ಕೀಲಿಯನ್ನು ಜಗಲಿಯ ಮೇಲಿಟ್ಟು ಅತ್ತ ತಳ್ಳಿದಳು. ಅಕ್ಕ ಅಂಜಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. "ಇನ್ನ ಹೋಗಬ್ಯಾಡವ್ವಾ," ಎಂದಳು. ಹೋಗದೆ ಉಳಿದುಬಿಡುವ ಆಸೆ ಲೀಲಾಳ ಕಣ್ಣಿನಲ್ಲಿ ಕಂಡಿತು. ಅಂಥ ಆಸೆಯನ್ನು ನಾನು ಬಲ್ಲೆ, ಎಷ್ಟೋ ದಾರಿಗಳಿಂದ ನನ್ನನ್ನು ಹಿಂದಕ್ಕೆ ಕಳಿಸಿದ್ದು ಅದೇ.

ಕೆಲವು ದಿನ ಬಿಟ್ಟು ಒಂದು ಸಂಜೆ ಲೀಲಾ ಒಬ್ಬಳೇ ಬಂದು ಜಗಲಿಯ ಮೇಲೆ ಕುಳಿತಳು. ಮಿರ್ಚಿ ತಂದಿದ್ದಳು, ತಾನು ಮುಟ್ಟಲಿಲ್ಲ.

"ಮಾಮಾ, ಅಂಜಿಕಿ ಆದಾಗ ನೀ ಏನ್ ಮಾಡ್ತಿ?"

"ನಾನಾ? ಏನ್ ಮಾಡ್ಲವ್ವಾ. ಏನೂ ಮಾಡಂಗಿಲ್ಲ. ಕೈಕಾಲು ಹಂಗ ನಿಂತುಬಿಡತಾವ."

"ದುರ್ಗದಾಗ ನಿಂತಿದ್ದೆಲ್ಲ, ಹಂಗ?"

"ಹಂಗ. ಹಿಡಕೊಂಡೆ, ನಿಂತೆ. ಉಸಿರು ಬಂದ ಮ್ಯಾಲೆ ತಿರುಗಿ ಮ್ಯಾಲೆ ಹೋದೆ. ಆಮ್ಯಾಲೆ ಮತ್ತ ಬಂದು ಇಳಿದೆ. ನೀವೆಲ್ಲ ನಗತೀರಲ್ಲ."

ಅವಳು ನಕ್ಕಳು, ಊರಿಗೆ ಬಂದ ಮೇಲೆ ಮೊದಲ ಸಲ. ನಗು ಅರ್ಧಕ್ಕೇ ನಿಂತಿತು. "ಮಾಮಾ, ನಮ್ಮ ಸಾರ್ ಹೇಳೋದು ಅದನ್ನ. ಪುಟಿದ್ರ ಒತ್ತಬ್ಯಾಡ, ಹಂಗ ಹಿಡಿ. ಎಂಜಿನ್ ಜೋರ್ ಮಾಡು, ಮ್ಯಾಲೆ ಹೋಗು, ಸುತ್ತು ಹಾಕಿ ಮತ್ತ ಬಾ ಅಂತಾರ."

ನನಗೆ ಹೆಮ್ಮೆಯಾಯಿತು ಎಂದು ನೀವು ತಿಳಿಯಬೇಡಿ. ನನ್ನ ಪುಕ್ಕಲುತನವನ್ನು ನಂಬಿಕೊಂಡು ಈ ಹುಡುಗಿ ಮತ್ತೆ ಹಾರಿಬಿಟ್ಟರೆ? "ಅದು ಬ್ಯಾರೆ, ಇದು ಬ್ಯಾರೆ," ಎಂದೆ. ಅವಳು ಆಗಲೇ ಮಿರ್ಚಿ ತಿನ್ನುತ್ತಿದ್ದಳು.

ಅದನ್ನೂ, ಮತ್ತೆ ಹಾರಲು ಹೋಗುತ್ತೇನೆಂಬುದನ್ನೂ ಅಕ್ಕನಿಗೆ ಹೇಳಿದಳಂತೆ. ಬೇರೆ ತಾಯಿಯಾಗಿದ್ದರೆ ಬೈಯುತ್ತಿದ್ದಳು, ಇಲ್ಲವೇ ಅಳುತ್ತಿದ್ದಳು. ಅಕ್ಕ ಮೂರನೆಯ ದಿನ ಟ್ರಾಲಿಗೆ ಅರ್ಧ ಲೋಡು ಹಾಕಿಸಿ ನಮ್ಮ ಏರಿಗೆ ಬಂದಳು. ಲೀಲಾಳ ಕಟ್ಟು ಬಿಚ್ಚಿದ್ದರು. "ಕುಂದ್ರು," ಎಂದಳು ಮಗಳಿಗೆ. "ನಾ ಮೂತಿ ಎತ್ತಸ್ತೀನಿ. ಒತ್ತೋದು ನನ್ನ ಕೆಲಸ. ನೀ ಬಾಗಬ್ಯಾಡ. ನೆಟ್ಟಗ ಕುಂದ್ರು." ಆಮೇಲೆ ನನ್ನ ಕಡೆ ತಿರುಗಿ, "ಆ ಕಡಿ ಮಡ್ಗಾರ್ಡಿಗೆ ನೀ ಹತ್ತಲೇ. ನಿಂದು ನೋಡಿ ಕಲೀಲಿ," ಎಂದಳು.

ನಾನು ಹತ್ತಿದೆ. ಹೇಗೆ ಹತ್ತಿದೆ ಎಂದು ಕೇಳಬೇಡಿ. ನನ್ನಾಕೆ ಒಳಗಿನಿಂದ ಬಂದು ಬಾಯಿ ತೆರೆದು ನಿಂತಿದ್ದಳು. ಎಂಜಿನ್ ಗುಟುರು ಹಾಕಿತು. ಮಡ್ಗಾರ್ಡಿನ ಕೆಳಗಿನಿಂದ ನಡುಕ ಮೇಲಕ್ಕೆ ಬಂದು ಹಲ್ಲು ಮುಟ್ಟಿತು. ಏರು, ಹಂಪ್, ಮತ್ತೆ ಆ ಕ್ಷಣ. ಕಣ್ಣ ಮುಂದಿನ ರಸ್ತೆ ಮಾಯವಾಗಿ ಆಕಾಶ ಬಂತು. ಅಕ್ಕ ಮುಂದಕ್ಕೆ ಬಾಗಿದಳು, ಲೀಲಾಳೂ ಬಾಗಿದಳು. ನಾನು ಕಬ್ಬಿಣದ ಹಿಡಿ ಹಿಡಿದು ಕಲ್ಲಾಗಿ ಕುಳಿತಿದ್ದೆ. "ಮತ್ತೊಮ್ಮೆ," ಎಂದಳು ಅಕ್ಕ. ತಿರುಗಿಸಿಕೊಂಡು ಬಂದಳು. ಮತ್ತೆ ಬಾಗಿದಳು ಲೀಲಾ. ಮತ್ತೊಮ್ಮೆ. ಓಣಿಯ ಜನ ಹೊರಗೆ ಬಂದು ನಿಂತರು, ಕೊಟ್ರಮ್ಮನಿಗೆ ಏನೋ ಆಗಿದೆ ಎಂದುಕೊಂಡರು. ದಿನಾ ಹೀಗೇ ನಡೆಯಿತು. ದಿನಾ ನಾನು ಬೇಡವೆಂದೆ, ದಿನಾ ಹತ್ತಿದೆ. ಒಂದು ದಿನ ಆಕಾಶ ಕಣ್ಣ ಮುಂದೆ ಬಂದಾಗ ಪಕ್ಕಕ್ಕೆ ನೋಡಿದೆ. ಅಕ್ಕ ಸ್ಟೇರಿಂಗಿನ ಮೇಲಿದ್ದಳು. ಲೀಲಾ ನೆಟ್ಟಗೆ ಕುಳಿತಿದ್ದಳು. ಅವಳ ಕೊರಳ ನರ ಉಬ್ಬಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು, ಆದರೆ ಬೆನ್ನು ಬಾಗಿರಲಿಲ್ಲ. ಗಾಲಿ ನೆಲಕ್ಕೆ ಕೂತ ಮೇಲೆ ಅಕ್ಕ ಹಿಂದಿರುಗಿ ನೋಡದೆಯೇ, "ಆತೇನು?" ಎಂದಳು. "ಆತವ್ವಾ," ಎಂದಳು ಲೀಲಾ. ಅಕ್ಕ ಟ್ರ್ಯಾಕ್ಟರ್ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಲೀಲಾ ಹೋದಳು. ಅಲ್ಲಿ ವಿಚಾರಣೆ ಮುಗಿದು, ಸಾರ್ ಜೊತೆ ಮತ್ತೆ ಮೊದಲಿನಿಂದ ಹಾರಿ, ಇವತ್ತು ಒಬ್ಬಳೇ ಹಾರುವ ದಿನ ಬಂದಿದೆ.

ನಿಮ್ಮ ಜೊತೆ ಮಾತಾಡುತ್ತಿರುವಾಗಲೇ ಅಕ್ಕ ಬಂದಳು, ನಡೆದುಕೊಂಡು. ಟ್ರ್ಯಾಕ್ಟರ್ ಎಲ್ಲಿ ಎಂದು ಕೇಳಿದೆ. "ಮನ್ಯಾಗ ಬಿಟ್ಟೆ. ಇವತ್ತ ಓಡಸಾಕ ಕೈ ಬರವಲ್ದು," ಎಂದು ನನ್ನ ಪಕ್ಕ ಕುಳಿತಳು. ಏರಿಗೆ ಇನ್ನೊಂದು ಲೋಡು ಬಂತು. ಅದರ ಮೂತಿ ಎದ್ದಾಗ ನಾನು ಚೌಕಟ್ಟಿನ ಒಂದು ಬದಿ ಹಿಡಿದಿದ್ದೆ, ನೋಡಿದರೆ ಇನ್ನೊಂದು ಬದಿಯಲ್ಲಿ ಅಕ್ಕನ ಕೈಯಿತ್ತು. ಫೋನು ರಿಂಗಾಯಿತು. ಇಬ್ಬರೂ ಏಳಲಿಲ್ಲ. ನನ್ನಾಕೆ ಒದ್ದೆ ಕೈಯಲ್ಲೇ ಬಂದು, ಎತ್ತಿ, ದನಿ ಎಲ್ಲರಿಗೂ ಕೇಳುವ ಹಾಗೆ ಹಿಡಿದಳು.

ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ ಲೀಲಾ.

"ಮಾಮಾ, ಪುಟೀತು. ಮೂತಿ ಎತ್ತಿತು. ಎದಿ ಮುಂದ ಬರಾಕತ್ತಿತ್ತು, ಹಿಡಕೊಂಡೆ. ಮ್ಯಾಲೆ ಹೋದೆ. ಸುತ್ತು ಹಾಕಿ ಮತ್ತ ಬಂದೆ. ಅವ್ವಗ ಹೇಳು, ದುರ್ಗ ಇಳಿಯೋದು ಆತು ಅಂತ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣೇ ಮಂಜಾಗಿತ್ತು. ಮುಖ ಒರೆಸಿಕೊಂಡು ಅವಳು ಕೇಳಿದಳು, "ಮತ್ತ ಯಾವಾಗ ಒಬ್ಬಾಕಿನ ಹಾರತಾಳಂತ?"

ನಾನು ಫೋನಿನಲ್ಲಿ ಕೇಳಿ, "ನಾಳಿ ಮುಂಜಾನಿಯಂತ," ಎಂದೆ.

ಅಕ್ಕ ಏರಿನ ಕಡೆ ನೋಡುತ್ತ ಕುಳಿತಳು. ಆಮೇಲೆ ತಾನು ಹಿಡಿದಿದ್ದ ಚೌಕಟ್ಟಿನ ಬದಿಯನ್ನು ಅಂಗೈಯಿಂದ ಒಮ್ಮೆ ಸವರಿದಳು.

"ಬರ್ತೀನಿ. ಈ ಕಡಿ ನನಗ ಬಿಟ್ಟಿರು."